ಕೆಂಪು ದಾರದ ಕಾರು, ಮದ್ದೂರಿನ ಹಂಪು

ಕೋವಿಡ್ ಗಲಾಟೆ ತಣ್ಣಗಾಗಿ ಜನ ಮತ್ತೆ ಕಾರು ಕೊಳ್ಳುವ ಮಾತಾಡತೊಡಗಿದ್ದ ವರ್ಷ. ನಾನಾಗ ಚಾಮರಾಜನಗರದ ಒಂದು ಕಾರು ಸರ್ವೀಸ್ ಸೆಂಟರಿನಲ್ಲಿ ವರ್ಕ್ಸ್ ಮ್ಯಾನೇಜರ್ ಆಗಿದ್ದೆ. ಹೆಸರು ಕೇಳಲು ದೊಡ್ಡದು. ಗಾಡಿ ಸರಿಯಾದರೆ ಮೆಕ್ಯಾನಿಕ್ಕಿಗೆ ಹೊಗಳಿಕೆ, ಸರಿಯಾಗದಿದ್ದರೆ ವರ್ಕ್ಸ್ ಮ್ಯಾನೇಜರಿಗೆ ಬೈಗುಳ, ಇಷ್ಟೇ ಅದರ ಅರ್ಥ. ಗುಂಡ್ಲುಪೇಟೆಯಿಂದ ಹರವೆಯವರೆಗೆ ಕೆಟ್ಟು ನಿಂತ ನಮ್ಮ ಕಂಪನಿಯ ಕಾರುಗಳೆಲ್ಲ ನನ್ನ ಪಾಲಿಗೇ ಬರುತ್ತಿದ್ದವು.

ಒಂದು ವಿಷಯದಲ್ಲಿ ನನ್ನ ಬಾಯಿ ಊರಿಗೇ ಗೊತ್ತಿತ್ತು. ಮನೆ ಮಂದಿ ಓಡಾಡುವ ಸಾಧಾರಣ ಸೆಡಾನ್ ಕಾರಿಗೆ ಕಂಪನಿಯವರು 'ಸ್ಪೋರ್ಟ್' ಎಂದು ಇನ್ನೊಂದು ಮಾದರಿ ಬಿಡುತ್ತಾರಲ್ಲ, ಅದನ್ನು ಕಂಡರೆ ನನಗಾಗದು. ಎಂಜಿನ್ ಅದೇ, ಗೇರ್‌ಬಾಕ್ಸ್ ಅದೇ. ನಮ್ಮ ಕಂಪನಿಯದರಲ್ಲಿ ಸ್ಪ್ರಿಂಗೂ ಅದೇ. ಮುಂದಿನ ಬಂಪರಿನ ಕೆಳಗೆ ಒಂದು ಕರಿ ತುಟಿ, ಪಕ್ಕಕ್ಕೆ ಸ್ಕರ್ಟ್ ಎಂಬ ಪಟ್ಟಿ, ಡಿಕ್ಕಿಯ ಮೇಲೆ ಸ್ಪಾಯ್ಲರ್ ಎಂಬ ಬಾಲ, ಕರಿ ಬಣ್ಣದ ಅಲಾಯ್ ಚಕ್ರ, ಸೀಟಿಗೆ ಕೆಂಪು ದಾರದ ಹೊಲಿಗೆ. ಮದುವೆ ಗಂಡಿನ ಅಪ್ಪನಿಗೆ ಕಪ್ಪು ಕನ್ನಡಕ ಹಾಕಿ ನಿಲ್ಲಿಸಿದ ಹಾಗೆ ಎಂದು ನಾನು ಎಲ್ಲರೆದುರು ಅನ್ನುತ್ತಿದ್ದೆ. ಸೇಲ್ಸ್ ವಿಭಾಗದವರಿಗೆ ನನ್ನ ಮೇಲೆ ಸಿಟ್ಟಿತ್ತು. ಗಿರಾಕಿಗಳು ಬಂದಾಗ ನನ್ನನ್ನು ಶೋರೂಮಿನ ಕಡೆ ಸುಳಿಯಲು ಬಿಡುತ್ತಿರಲಿಲ್ಲ.

ಹರದನಹಳ್ಳಿಯ ಚೈತ್ರಾ ಅಂಥ ಒಂದು ಕಾರು ಕೊಂಡಳು. ಗುಂಡ್ಲುಪೇಟೆಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಡ್ಯೂಟಿ ಮುಗಿಯುವ ಹೊತ್ತಿಗೆ ಊರಿನ ಬಸ್ಸು ಸಿಗದೆ ಬಸ್‌ಸ್ಟ್ಯಾಂಡಿನಲ್ಲಿ ಕಾದೂ ಕಾದೂ ಸಾಕಾಗಿ, ಕೆಲಸ ಬಿಡಬೇಕು, ಇಲ್ಲವೇ ಕಾರು ತಗೊಳ್ಳಬೇಕು ಎಂಬಲ್ಲಿಗೆ ಬಂದಿದ್ದಳು. ಅವಳ ಅಪ್ಪ ಮಲ್ಲಪ್ಪ ಅರಿಶಿನ, ರಾಗಿ ಬೆಳೆಯುವ ರೈತ. ಅವರಿಗೆ ಸಾಧಾರಣ ಮಾದರಿಯೇ ಸಾಕಿತ್ತು. ಡೆಲಿವರಿಯ ದಿನ ನಾನು ಬಾಯಿ ತಡೆಯಲಾರದೆ, "ಮೂರು ತಲೆಮಾರು ಕೂತು ಹೋಗೋ ಗಾಡಿಗೆ ಸ್ಪೋರ್ಟ್ ಯಾಕಮ್ಮ?" ಅಂದುಬಿಟ್ಟೆ.

ಅವಳು ಸೀಟಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ, "ಕಾರು ಮನೆಯೋರ್ದು ಸಾರ್. ಈ ಕೆಂಪು ದಾರ ಒಂದು ನಂದು" ಅಂದಳು.

ಪಕ್ಕದಲ್ಲಿ ಅವಳ ಅಜ್ಜಿ ಪುಟ್ಟತಾಯಮ್ಮ ನಿಂತಿದ್ದರು. ಮಂಡಿ ನೋವಿನ ಮುದುಕಿ, ಮಾತಿನಲ್ಲಿ ಮಾತ್ರ ಬಲು ಚುರುಕು. ಕಾರಿನ ಮೂತಿ ಸವರಿ, "ಚೆಂದಾಗದೆ ಕಣಮ್ಮಿ, ಯಾರೂ ತರಚ್ದಂಗೆ ನೋಡ್ಕೊ" ಎಂದು ಮೊಮ್ಮಗಳಿಗೆ ಹೇಳಿದರು.

ಕೆಲವು ತಿಂಗಳಿಗೆ ಮಲ್ಲಪ್ಪ ದೂರು ತಂದರು. ರಸ್ತೆಯ ಹಂಪ್ ದಾಟುವಾಗ ಕಾರಿನ ತಳ ಉಜ್ಜುತ್ತದೆ, ಕರಕರ ಸದ್ದು ಬರುತ್ತದೆ. ನಮ್ಮ ಕಡೆ ಹಂಪುಗಳ ಕಥೆ ಕೇಳಬೇಡಿ. ಯಾರ ಮನೆಯ ಕೋಳಿ ಗಾಡಿಗೆ ಸಿಕ್ಕಿದರೂ ಮರುದಿನ ಅಲ್ಲೊಂದು ಹಂಪ್ ಏಳುತ್ತದೆ, ಅದೂ ಹೊಲದ ಬದುವಿನಷ್ಟು ಎತ್ತರ. ನಾವು ಕಾರನ್ನು ಲಿಫ್ಟಿಗೆ ಏರಿಸಿ ನೋಡಿದೆವು. ಸೈಲೆನ್ಸರ್ ಪೈಪಿನ ಮೇಲೆ ಗೀರುಗಳಿದ್ದವು. ಆದರೆ ಓಡಿಸಿ ನೋಡಿದರೆ ಎಲ್ಲೂ ತಾಗಲಿಲ್ಲ. ಎರಡನೆಯ ಸಲ ಬಂದಾಗಲೂ ಅದೇ. ಹಬ್ಬಕ್ಕೆ ಮನೆ ತೊಳೆದ ಹಾಗೆ ಒಳಗೂ ಹೊರಗೂ ತೊಳೆದು, ಡಿಕ್ಕಿ ಖಾಲಿ ಮಾಡಿ ತರುತ್ತಿದ್ದರು.

"ಮತ್ತೆ ಈಗ ಹಂಪ್ ಬಂದಾಗ ಏನು ಮಾಡ್ತೀರಿ?" ಎಂದು ಕೇಳಿದೆ.

"ಏನ್ ಮಾಡಾದು ಸಾ. ನಾನೂ ಅವ್ವನೂ ಇಳ್ಕಂಡು ನಡೀತೀವಿ. ಮಗ ಕಾರ್ ದಾಟುಸ್ತದೆ, ಮತ್ತೆ ಅತ್ಕತೀವಿ" ಅಂದರು ಮಲ್ಲಪ್ಪ. ನಮ್ಮ ಸೀಮೆಯಲ್ಲಿ ಮಗಳನ್ನೂ ಪ್ರೀತಿಯಿಂದ ಮಗ ಅನ್ನುತ್ತಾರೆ.

ಇದು ನನಗೆ ಹೊಸದಲ್ಲ. ಗಾಡಿ ಏರಲಾರದಿದ್ದರೆ ಇಳಿದು ನಡೆಯುವುದು ಎತ್ತಿನ ಗಾಡಿಯ ಕಾಲದಿಂದ ಬಂದ ಮರ್ಯಾದೆ. ಎತ್ತು ಹೋಗಿ ಎಂಜಿನ್ ಬಂದರೂ ಕಾಲಿನ ಅಭ್ಯಾಸ ಹೋಗಿಲ್ಲ. ಎಷ್ಟೋ ಊರಿನ ಹಂಪುಗಳ ಬಳಿ ಹೆಂಗಸರು ಮಕ್ಕಳು ಸೀರೆ ಚಡ್ಡಿ ಸರಿಮಾಡಿಕೊಂಡು ಕಾರು ಹತ್ತುವುದನ್ನು ನಾನೇ ನೋಡಿದ್ದೇನೆ. ನಕ್ಕು ಸುಮ್ಮನಾಗುತ್ತಿದ್ದೆವು.

ಒಂದು ಭಾನುವಾರ ಬೆಳಗ್ಗೆ ಬ್ರೇಕ್‌ಡೌನ್ ನಂಬರಿಗೆ ಚೈತ್ರಾಳ ಫೋನ್ ಬಂತು. ಮದ್ದೂರಿನ ಅರಣ್ಯ ಚೆಕ್‌ಪೋಸ್ಟ್ ಹತ್ತಿರ ಇದ್ದೇನೆ, ಕಾರಿಗೆ ಆನೆ ಹೊಡೆದಿದೆ ಅಂದಳು. ದನಿ ಸಪ್ಪಗಿತ್ತು, ಅಳು ಇರಲಿಲ್ಲ. ನನಗೆ ಅದಕ್ಕೇ ಹೆದರಿಕೆಯಾಯಿತು. ಟೋಯಿಂಗ್ ಲಾರಿಯಲ್ಲಿ ನಾನೂ ಹತ್ತಿಕೊಂಡು ಹೊರಟೆ.

ಗುಂಡ್ಲುಪೇಟೆ ದಾಟಿ ಕೇರಳದ ಕಡೆ ತಿರುಗಿದರೆ ಮದ್ದೂರಿನಿಂದ ಆಚೆ ಬಂಡೀಪುರದ ಕಾಡು. ಅಲ್ಲಿ ಗಾಡಿ ನಿಲ್ಲಿಸಕೂಡದು, ಇಳಿಯಕೂಡದು. ಹೆಜ್ಜೆಹೆಜ್ಜೆಗೂ ಬೋರ್ಡು ಇದೆ. ಪ್ರಾಣಿಗಳು ಸಾಯದಿರಲೆಂದು ಹೆಜ್ಜೆಹೆಜ್ಜೆಗೂ ಹಂಪೂ ಇದೆ. ಅರಣ್ಯದವರು ಕಾರನ್ನು ಚೆಕ್‌ಪೋಸ್ಟಿಗೆ ಎಳೆದು ತಂದು ನಿಲ್ಲಿಸಿದ್ದರು. ಬಾನೆಟ್ ನಡುವೆ ಕುಸಿದಿತ್ತು. ಎಡಗಡೆಯ ಹಿಂದಿನ ಬಾಗಿಲು ತೆರೆದೇ ಇದ್ದು, ಮುಚ್ಚಲಾಗದಷ್ಟು ಮಡಚಿಕೊಂಡಿತ್ತು. ಮಲ್ಲಪ್ಪನವರೂ ಪುಟ್ಟತಾಯಮ್ಮನೂ ಅರಣ್ಯದ ಜೀಪಿನಲ್ಲಿ ಆಸ್ಪತ್ರೆಗೆ ಹೋಗಿದ್ದರು. ಹೇಳಿಕೆ ಕೊಡಲೆಂದು ಉಳಿದಿದ್ದ ಚೈತ್ರಾ ಒಂದು ಕಲ್ಲಿನ ಮೇಲೆ ಕೂತಿದ್ದಳು.

"ಸುಲ್ತಾನ್ ಬತ್ತೇರಿಲಿ ನಮ್ಮತ್ತೆ, ಅಪ್ಪನ ತಂಗಿ ಮನೆ ಸಾರ್, ಅಲ್ಲಿಗೆ ಹೊರಟಿದ್ವು" ಎಂದು ಶುರುಮಾಡಿದಳು. "ಹಂಪ್ ಹತ್ರ ಸ್ಲೋ ಮಾಡ್ದೆ. ತಳ ಕರ್ ಅಂತು. ಅಷ್ಟೇಯಾ, ಅಜ್ಜಿ ಬಾಗ್ಲು ತಗ್ದು ಇಳಿದೇಬುಡ್ತು. ಕಾಡು ಅಜ್ಜಿ, ಬೇಡ ಅನ್ನೋಷ್ಟ್ರಲ್ಲಿ ಪೊದೆಯಿಂದ ಸಲಗ ಬಂತು. ಅಪ್ಪ ಇಳ್ದು ಅಜ್ಜಿನ ಎಳ್ಕೊಂಡ. ಅಜ್ಜಿ ಬಿದ್ಬುಡ್ತು. ಆನೆ ಅವ್ರ ಕಡೆ ತಿರುಗ್ತು. ನಾನು ಹಾರನ್ ಮೇಲಿಂದ ಕೈ ತಗೀಲೇ ಇಲ್ಲ. ಆಮೇಲೆ ಅದು ಕಾರಿಗೆ ಬಂತು."

ಅಂದರೆ ಆನೆಯನ್ನು ಅವಳು ತನ್ನ ಕಡೆಗೆ ಕರೆದುಕೊಂಡಿದ್ದಳು. ಪುಣ್ಯಕ್ಕೆ ಹಿಂದಿನಿಂದ ಬಂದ ಬಸ್ಸಿನ ಸದ್ದಿಗೆ ಸಲಗ ಪೊದೆ ಸೇರಿತ್ತು.

ಲಾರಿಗೆ ಏರಿಸಲು ಹೋದಾಗ ಕಾರಿನ ಹಿಂಭಾಗ ನೆಲಕ್ಕೆ ಕೂತಂತಿತ್ತು. ಸ್ಪ್ರಿಂಗ್ ಮುರಿದಿದೆ ಎಂದುಕೊಂಡು ಡಿಕ್ಕಿ ತೆಗೆಸಿದೆ. ಒಳಗೆ ಮೂರು ಮೂಟೆ ರಾಗಿ, ಒಂದು ಮೂಟೆ ತೆಂಗಿನಕಾಯಿ. ಹಿಂದಿನ ಸೀಟಿನಲ್ಲಿ, ಅಜ್ಜಿ ಕೂತಿದ್ದ ಜಾಗದ ಪಕ್ಕದಲ್ಲಿ, ಒಂದು ಮೂಟೆ ಸಾಂಬಾರು ಈರುಳ್ಳಿ. ನನಗೆ ಒಂದೇ ಕ್ಷಣದಲ್ಲಿ ಎಲ್ಲ ತಿಳಿಯಿತು. ಈ ಮನೆಯವರು ಹಂಪ್ ಬಂದಾಗಲೆಲ್ಲ ಮನುಷ್ಯರನ್ನು ಇಳಿಸಿದ್ದಾರೆ, ಮೂಟೆ ಇಳಿಸಿಲ್ಲ. ಚೈತ್ರಾ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಮೂಟೆಗಳನ್ನು ಲಾರಿಗೆ ಹಾಕಿಸಿ ನಮ್ಮ ಗೋಡೌನಿನಲ್ಲಿ ಇರಿಸಿದೆ.

ಪುಟ್ಟತಾಯಮ್ಮನ ಸೊಂಟದ ಮೂಳೆ ಮುರಿದಿತ್ತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ಆದರೆ ಮೊದಲಿನ ನಡಿಗೆ ಇನ್ನಿಲ್ಲ ಎಂದು ಡಾಕ್ಟರು ಹೇಳಿದರಂತೆ.

ಕಾರು ರಿಪೇರಿಯಾಗುವ ಹೊತ್ತಿಗೆ ಹರದನಹಳ್ಳಿಯ ಮಾತು ನಮ್ಮ ವರ್ಕ್‌ಶಾಪಿಗೂ ಬಂದಿತ್ತು. ಹುಡುಗಿ ಶೋಕಿಗೆ ಬಿದ್ದು ನೆಲಕ್ಕಂಟಿದ ಕಾರು ತಂದಳು, ಅಜ್ಜಿಯ ಕಾಲು ಕಳೆದಳು. ನೆಂಟರು, ನೆರೆಯವರು, ಬತ್ತೇರಿಯ ಅತ್ತೆ, ಎಲ್ಲರ ಬಾಯಲ್ಲೂ ಅದೇ. ಕಾರು ತಗೊಳ್ಳಲು ಮಲ್ಲಪ್ಪ ಮಗಳೊಂದಿಗೆ ಬಂದರು. ಮುಖ ಇಳಿದುಹೋಗಿತ್ತು.

"ನೀವು ಮೊದ್ಲಿಂದ್ಲೂ ಏಳ್ತಿದ್ರಿ ಸಾ, ಈ ಸ್ಪೋರ್ಟು ಗೀರ್ಟು ಬ್ಯಾಡ ಅಂತ. ಅದ್ನೇ ನಮ್ಮನೆಗೆ ಬಂದು ಎಲ್ರ ಮುಂದೆ ಒಂದ್ ಮಾತು ಏಳ್ಬುಡಿ. ಕಾರೇ ಸರಿ ಇಲ್ಲ ಅಂತ. ಮಾರ್ಬುಡ್ತೀನಿ" ಅಂದರು.

ಚೈತ್ರಾ ಬಾಗಿಲ ಬಳಿ ನಿಂತಿದ್ದಳು. ಕಾರು ಹೋದರೆ ಅವಳ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಜ್ಜಿಯನ್ನು ಕುಂಟಿ ಮಾಡಿದವಳು ಎಂಬ ಹೆಸರು ಜೀವನಪೂರ್ತಿ ಉಳಿಯುತ್ತದೆ. ಆದರೂ ಒಂದು ಮಾತೂ ಆಡಲಿಲ್ಲ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಸಂಕಟವೂ ಆಯಿತು. ಹೇಳಬಾರದೇ ಹುಡುಗಿ, ಬಾಯಿಲ್ಲವೇ ನಿನಗೆ?

ನಾನು ಕೆಲಸದವನು. ಬಾಯಿ ಮಾತಿಗಿಂತ ಗಾಡಿಯ ಮಾತು ನನಗೆ ಸುಲಭ. ಗೋಡೌನಿನಿಂದ ಅವರದೇ ಮೂಟೆಗಳನ್ನು ತರಿಸಿದೆ. ನಮ್ಮ ಟೆಸ್ಟ್ ಡ್ರೈವ್ ಕಾರು ಅದೇ ಸೆಡಾನಿನ ಸಾಧಾರಣ ಮಾದರಿ. ಅದರ ಡಿಕ್ಕಿಗೆ ನಾಲ್ಕು, ಹಿಂದಿನ ಸೀಟಿಗೆ ಒಂದು ಮೂಟೆ ಹಾಕಿಸಿ, ಮಲ್ಲಪ್ಪನವರನ್ನು ಮುಂದೆ, ನಮ್ಮ ಒಬ್ಬ ಮೆಕ್ಯಾನಿಕ್‌ನನ್ನು ಹಿಂದೆ ಕೂರಿಸಿ, ಗೇಟಿನಾಚೆಯ ಹಂಪ್ ದಾಟಿಸಿದೆ. ಕರ್ ಎಂದಿತು. ಆಮೇಲೆ ಅದೇ ಮೂಟೆ, ಅದೇ ಜನ, ಚೈತ್ರಾಳ ಕಾರು. ಅದೂ ಕರ್ ಎಂದಿತು. ಮೂಟೆ ಇಳಿಸಿ ಮತ್ತೆ ದಾಟಿದೆ. ಎರಡೂ ಸದ್ದಿಲ್ಲದೆ ದಾಟಿದವು.

"ಸ್ಪೋರ್ಟಿನ ತುಟಿ ಮುಂದೆ ಇರೋದು. ಅದು ಒಂದು ಬೆರಳಷ್ಟು ಕೆಳಗಿದೆ, ಅದು ನಿಜ. ಆದ್ರೆ ಅದ್ರ ಮೇಲೆ ಒಂದು ಗೀರೂ ಇಲ್ಲ" ಎಂದು ತೋರಿಸಿದೆ. "ಉಜ್ಜಿರೋದು ಹಿಂದಿನ ಪೈಪು. ಕಾರು ಯಾವುದಾದ್ರೂ ಈ ಭಾರಕ್ಕೆ ಉಜ್ಜುತ್ತೆ ಮಲ್ಲಪ್ಪ."

ಅವರು ಬೆರಗಾಗುತ್ತಾರೆ, ವಾದ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ರಾಗಿ ಮೂಟೆಯ ಮೇಲೆ ಕುಸಿದು ಕೂತರು.

"ಗೊತ್ತು ಸಾ" ಅಂದರು. "ಆವತ್ತೇ ಗೊತ್ತಾಯ್ತು. ಮೂಟೆ ಕಟ್ಟಿದ್ದು ನಮ್ಮವ್ವ. ಮಗಳ ಮನೆಗೆ ಬರಿಗೈಲಿ ಓಗಾದಾ ಅಂತ ಇಂದ್ಲ ದಿನವೆಲ್ಲ ಕೂತು ಮೂಟೆ ಬಾಯಿ ಒಲೀತು. ಒಂದು ಮೂಟೆ ಬುಟ್ಟೋಗನ ಅಂದ್ರೆ ಅತ್ಬುಡ್ತು. ಈಗ ಅವ್ವನ ಮುಂದೆ ನಿಂತ್ಕಂಡು, ನಿನ್ ಮೂಟೆಯಿಂದ್ಲೇ ನಿನ್ ಕಾಲೋಯ್ತು ಅಂತ ಎಂಗ್ ಏಳ್ಲಿ? ಕಾರು ಅಂದ್ರೆ ತಗಡು. ಬೈದ್ರೆ ನೋವಾಗಕಿಲ್ಲ ಅಂತ ಅದುರ ಮೇಲಾಕ್ದೆ."

ನನ್ನ ಕೋಪವೆಲ್ಲ ಇಳಿದುಹೋಯಿತು. ಚೈತ್ರಾ ಯಾಕೆ ಬಾಯಿ ಬಿಡಲಿಲ್ಲ ಎಂಬುದೂ ಆಗಲೇ ತಿಳಿಯಿತು. ಅಪ್ಪನೂ ಮಗಳೂ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಂದೇ ಮುದುಕಿಯನ್ನು ಕಾಯುತ್ತಿದ್ದರು. ಆದರೆ ಅದರ ಬೆಲೆ ತೆರುತ್ತಿದ್ದವಳು ಒಬ್ಬಳೇ.

"ತಗಡಿಗೆ ನೋವಾಗಲ್ಲ, ನಿಜ" ಅಂದೆ. "ಅದ್ರ ಕೀ ಯಾರ ಕೈಲಿದೆ, ಸ್ವಲ್ಪ ನೋಡಿ."

ಮಲ್ಲಪ್ಪ ತಿರುಗಿ ಮಗಳನ್ನು ನೋಡಿದರು. ಅವಳು ಕೀಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಭುಜ ಅಲುಗುತ್ತಿತ್ತು. ಆ ಭಾನುವಾರ ಕಾಣದ ಅಳು ಅದು. ಅವರು ಎದ್ದು ಹೋಗಿ ಅವಳ ತಲೆಯ ಮೇಲೆ ಕೈಯಿಟ್ಟು, "ಬಾ ಮಗ, ಮನೆಗೋಗನ. ನೀನೇ ಓಡ್ಸು" ಅಂದರು. ಮೂಟೆಗಳನ್ನು ಒಯ್ಯಲು ಗೂಡ್ಸ್ ಆಟೋ ಕರೆಸಿದೆವು.

ಸುಮಾರು ಒಂದು ತಿಂಗಳ ಮೇಲೆ ಚೈತ್ರಾ ಸರ್ವೀಸಿಗೆ ಬಂದಳು. ಮನೆಯಲ್ಲಿ ಏನಾಯಿತು ಎಂದು ಕೇಳಿದೆ. ನೆಂಟರೆಲ್ಲ ಕೂತಿದ್ದಾಗ ಮಲ್ಲಪ್ಪ ಎದ್ದು, ಅವ್ವ ಕಟ್ಟಿದ್ದು ಎರಡೇ ಮೂಟೆ, ಮಿಕ್ಕಿದ್ದು ಮಾರಲೆಂದು ತಾನು ತುಂಬಿದ್ದು, ತನ್ನ ದುರಾಸೆ, ಅದಕ್ಕೇ ಕಾರು ಉಜ್ಜಿತು, ಮಗಳದು ಏನೂ ತಪ್ಪಿಲ್ಲ ಅಂದರಂತೆ. ಹಸಿ ಸುಳ್ಳು. "ಅಜ್ಜಿ ಆವತ್ತಿಂದ ಅಪ್ಪನ್ನ ಬೈತಾನೇ ಅದೆ ಸಾರ್. ಬೆಳಗ್ಗೆ ಎದ್ರೆ ಶುರು" ಎಂದು ಹೇಳುವಾಗ ಅವಳು ಸ್ವಲ್ಪ ನಕ್ಕಳು. ಎಣಿಸಲು ಬಾರದ ಮುದುಕಿಯಲ್ಲ ಪುಟ್ಟತಾಯಮ್ಮ. ಮಗನ ಸುಳ್ಳನ್ನು ಅವರು ನಂಬಿದರೋ, ಅಥವಾ ಅವನು ಹೊತ್ತದ್ದನ್ನು ಹೊರಲು ಬಿಟ್ಟರೋ, ನನಗೆ ಗೊತ್ತಿಲ್ಲ.

ಸ್ಪೋರ್ಟ್ ಮಾದರಿಗಳ ಬಗ್ಗೆ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಆ ಬಾಲ, ಆ ತುಟಿ ನನಗೆ ಈಗಲೂ ನಗು ತರಿಸುತ್ತವೆ. ಆದರೆ ನಿವೃತ್ತಿಯಾಗುವವರೆಗೆ, 'ಇದು ಗಾಡಿಯ ತಪ್ಪು' ಎಂದು ಹೇಳುವ ಮುಂಚೆ ಆ ಗಾಡಿಯ ಕೀ ಹಿಡಿದವರ ಮುಖ ನೋಡುವುದನ್ನು ಬಿಡಲಿಲ್ಲ. ತಪ್ಪು ಗಾಡಿಯ ಮೇಲೆ ನಿಲ್ಲುವುದಿಲ್ಲ, ಜಾರಿ ಯಾರದೋ ತಲೆಗೆ ಬರುತ್ತದೆ. ನನ್ನ ಕೆಲಸ ಕಲಿಸಿದ್ದು ಇಷ್ಟು.

ಆವತ್ತು ಬಿಲ್ ಆದ ಮೇಲೂ ಚೈತ್ರಾ ಹೊರಡಲಿಲ್ಲ. ಹಿಂದಿನ ಎಡ ಬಾಗಿಲಿನ ಚೈಲ್ಡ್ ಲಾಕ್ ಹಾಕಿಕೊಡಿ ಅಂದಳು. ಸಣ್ಣ ಮಕ್ಕಳು ಒಳಗಿನಿಂದ ಬಾಗಿಲು ತೆಗೆಯದಿರಲೆಂದು ಇಟ್ಟಿರುವ ಚಿಕ್ಕ ಕೊಕ್ಕೆ ಅದು. ಮನೆಯಲ್ಲಿ ಮಗುವಿಲ್ಲವಲ್ಲ, ಯಾಕಮ್ಮ ಎಂದೆ.

"ಅಜ್ಜಿನ ಫಿಸಿಯೋಥೆರಪಿಗೆ ಕರ್ಕೊಂಡೋಗ್ತೀನಿ ಸಾರ್" ಅಂದಳು. "ನಿಂತ್ಕೊಳ್ಳಕ್ಕೂ ಆಗಲ್ಲ ಅದಕ್ಕೆ. ಆದ್ರೂ ಹಂಪ್ ಬಂದ್ರೆ ಬಾಗಿಲಿಗೆ ಕೈ ಹಾಕ್ತದೆ. ನಿನ್ ಕಾರು ತರಚ್ತದೆ ಕಣಮ್ಮಿ, ಇಳೀತೀನಿ ತಾಳು ಅಂತದೆ."

ನಾನೇ ಬಗ್ಗಿ ಆ ಕೊಕ್ಕೆಯನ್ನು ಒತ್ತಿದೆ.