ತಾವೇ ಕೂರಿಸಿದ ಗ್ಯಾಸು ಕೀಳುವ ಇಸಾಕ್ ಸಾಬರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮದ್ದೂರು-ಮಳವಳ್ಳಿ ರಸ್ತೆಯಿಂದ ಒಳಕ್ಕಿರುವ ಹುಣಸೆಕೊಪ್ಪಲಿನಲ್ಲಿ, ಬೋರಯ್ಯನವರ ಹಿತ್ತಿಲಿನ ಗೋಬರ್ ಗ್ಯಾಸ್ ಗುಂಡಿಯ ಅಂಚಿನಲ್ಲಿ ಇಸಾಕ್ ಸಾಬರು ನಿಂತಿದ್ದಾರೆ. ಮೂರು ಮರದ ಕಂಬ ಸೇರಿಸಿ ಕಟ್ಟಿ, ಚೈನ್ ಪುಲ್ಲಿ ತೂಗುಹಾಕಿ, ಸಗಣಿ ಬಗ್ಗಡದೊಳಗಿಂದ ಗ್ಯಾಸು ತುಂಬಿಕೊಳ್ಳುವ ಕಬ್ಬಿಣದ ಡ್ರಮ್ಮನ್ನು ಮೇಲೆಳೆಯುತ್ತಿದ್ದಾರೆ. ಮನೆಯವರು ಸರಪಳಿ ಎಳೆಯಲು ಕೈ ಜೋಡಿಸಿದ್ದಾರೆ. "ಯಾರೂ ಬೀಡಿ ಅಚ್ಬ್ಯಾಡ್ರಪ್ಪಾ. ಗ್ಯಾಸು ಬುಟ್ಟು ವಾರ ಆಯ್ತು, ಆದ್ರೂ ಅದ್ನ ನಂಬಂಗಿಲ್ಲ," ಎಂದು ಸಾಬರು ಕೂಗುತ್ತಾರೆ.

ಈ ಡ್ರಮ್ಮಿಗೆ ಬೆಸುಗೆ ಹಾಕಿ ಇಲ್ಲಿ ಕೂರಿಸಿದವರೂ ಅವರೇ. ಮದ್ದೂರಿನಲ್ಲಿ ಸಣ್ಣದೊಂದು ವೆಲ್ಡಿಂಗ್ ಅಂಗಡಿ ಇಟ್ಟಿರುವ ಸಾಬರಿಗೆ ಅರವತ್ತು ದಾಟಿದೆ. ಹಳ್ಳಿ ಹಳ್ಳಿಯ ಹಿತ್ತಿಲುಗಳಲ್ಲಿ ಗೋಬರ್ ಗ್ಯಾಸ್ ಕೂರಿಸಿ, ರಿಪೇರಿ ಮಾಡಿ ಸಂಸಾರ ಸಾಗಿಸಿದವರು. ಸಿಲಿಂಡರ್ ಬಂದ ಮೇಲೆ ಎಷ್ಟೋ ಊರುಗಳಲ್ಲಿ ಗುಂಡಿಗಳು ಹಾಳುಬಿದ್ದವು. ಹುಣಸೆಕೊಪ್ಪಲು ಮಾತ್ರ ಬಿಡಲಿಲ್ಲ. ಹನ್ನೊಂದು ಮನೆಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಮುದ್ದೆ ಬೆಂದದ್ದು ಸಾಬರ ಗ್ಯಾಸಿನಲ್ಲೇ. ಈಗ ದಿನಕ್ಕೊಂದರಂತೆ ಅವನ್ನೆಲ್ಲ ಕೀಳುತ್ತಿದ್ದಾರೆ, ಅದೂ ಕೂಲಿ ಇಲ್ಲದೆ.

ಇದಕ್ಕೆಲ್ಲ ಕಾರಣ ಊರ ಕೆರೆಯ ಮಗ್ಗುಲಿಗೆ ಬರಲಿರುವ ಬಯೋಗ್ಯಾಸ್ ಕಾರ್ಖಾನೆ. ಸಕ್ಕರೆ ಕಾರ್ಖಾನೆಗಳ ಮಡ್ಡಿ, ಕೋಳಿ ಫಾರಂ ಕಸ, ಬೆಂಗಳೂರಿನ ಹೋಟೆಲುಗಳ ಎಂಜಲು, ಎಲ್ಲವನ್ನೂ ಲಾರಿಗಟ್ಟಲೆ ತಂದು ಕೊಳೆಸಿ ಗ್ಯಾಸ್ ತೆಗೆಯುತ್ತಾರಂತೆ. ಉಳಿದ ಕೊಳೆನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಕಂಪನಿಯವರು ನಕ್ಷೆ ತೋರಿಸುತ್ತಾರೆ. ಆ ನಕ್ಷೆಯಲ್ಲಿ ಕೆರೆಯೇ ಇಲ್ಲ!

ಹೋದ ವರ್ಷದ ಗ್ರಾಮಸಭೆಯಲ್ಲಿ 'ಬಯೋಗ್ಯಾಸ್' ಎಂದಾಗ ಯಾರಿಗೂ ತಿಳಿಯಲಿಲ್ಲ. 'ಗೋಬರ್ ಗ್ಯಾಸ್ ಕಣ್ರೀ' ಎಂದು ಕಂಪನಿಯವರು ಬಿಡಿಸಿ ಹೇಳಿದರು. ಬೋರಯ್ಯನವರು ಎದ್ದು, "ನಮ್ ಇಸಾಕ್ ಸಾಬ್ರು ಕೂರ್ಸವ್ರಲ್ಲ, ಅದೇಯಾ?" ಎಂದು ಕೇಳಿದರು. "ಅದೇ, ಸ್ವಲ್ಪ ದೊಡ್ಡದು," ಎಂಬ ಉತ್ತರ ಬಂತು. ಇಡೀ ಸಭೆ ಕೈ ಎತ್ತಿತು. ಮನೆಮನೆಗೂ ಗ್ಯಾಸು ಬರುತ್ತದೆಂದು ಹೆಂಗಸರು ಎರಡೆರಡು ಕೈ ಎತ್ತಿದರಂತೆ. ಸ್ವಲ್ಪ ದೊಡ್ಡದೆಂದರೆ ಎಷ್ಟು ಎಂದು ಗೊತ್ತಾದದ್ದು ಕೆರೆ ಬದಿಗೆ ಜೆಸಿಬಿಗಳು ಬಂದಾಗಲೇ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

"ಆವತ್ತು ನಾನಿಲ್ಲಿ ಇರ್ನಿಲ್ಲ ಸಾ," ಎನ್ನುತ್ತಾರೆ ಇಸಾಕ್ ಸಾಬರು. "ಅನಕೆರೇಲಿ ಗೇಟ್ ಕೆಲ್ಸ ಮಾಡ್ತಿದ್ದೆ. ಇದ್ದಿದ್ರೆ ಏಳ್ತಿದ್ದೆ, ಅದ್ಕೂ ಇದ್ಕೂ ಸಂಬಂದ ಇಲ್ಲ ಕಣ್ರಪ್ಪಾ ಅಂತ. ನನ್ನೆಸ್ರು ಕೇಳಿ ಕೈ ಎತ್ತವ್ರೆ. ಆದ್ರೂ ಊರ್ನೋರು ಯಾರೂ ನನ್ನ ಬೋಯ್ನಿಲ್ಲ. ಬೋಯ್ದಿದ್ರೆ ಚೆಂದಾಗಿತ್ತು."

ಆಮೇಲೆ ಊರು ತಿರುಗಿಬಿತ್ತು. ಅಧಿಕಾರಿಗಳು ಕರೆದ ಸಭೆಯಲ್ಲಿ ಜನ ಕಾರ್ಖಾನೆಯ ವಾಸನೆಯ ಮಾತೆತ್ತಿದಾಗ ಕಂಪನಿಯವನೊಬ್ಬ ಮೊಬೈಲಿನಲ್ಲಿ ಬೋರಯ್ಯನವರ ಹಿತ್ತಿಲಿನ ಫೋಟೊ ತೋರಿಸಿದ. "ನಿಮ್ಮೂರಲ್ಲೇ ಹನ್ನೊಂದು ಪ್ಲಾಂಟ್ ಇವೆ. ಇಷ್ಟು ವರ್ಷ ಬಾರದ ವಾಸನೆ ಈಗ ಬಂತಾ?" ಎಂದ. ಇನ್ನೊಮ್ಮೆ ಹೀಗನ್ನಲು ಅವರಿಗೆ ಆಸ್ಪದ ಕೊಡಬಾರದೆಂದು ಜನ ಪಟ್ಟು ಹಿಡಿದರು. ಮಾರನೆಯ ದಿನ ಹಾಲಿನ ಡೇರಿ ಮುಂದೆ ಸೇರಿ, ಮುಂದಿನ ಸಭೆಯೊಳಗೆ ಊರಿನಲ್ಲಿ ಒಂದೂ ಗ್ಯಾಸ್ ಗುಂಡಿ ಉಳಿಯಕೂಡದೆಂದು ತೀರ್ಮಾನಿಸಿದರು. ಕೀಳುವುದಕ್ಕೆ ಸಾಬರನ್ನೇ ಕರೆದರು.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತಲ್ಲ ಎಂದುಬಿಟ್ಟೆ. ಬೋರಯ್ಯನವರು ಸರಪಳಿ ಬಿಟ್ಟು ನನ್ನ ಕಡೆ ತಿರುಗಿದರು. "ಕುಯ್ಕೊಂಡಿರೋದು ನಮ್ ಮೂಗ ಕಣ್ ಸ್ವಾಮಿ. ನೀವು ಬರ್ಕೊಂಡು ಓಯ್ತೀರಿ. ನಾಳೀಕೆ ಆ ನೀರ್ ಕುಡಿಯೋರು ನಾವು." ನನಗೆ ನಾಚಿಕೆಯಾಯಿತು.

ಇವನ್ನೆಲ್ಲ ಕಿತ್ತ ಮೇಲೆ ಸಾಬರಿಗೆ ಈ ಊರಿನಲ್ಲಿ ಕೆಲಸವಿಲ್ಲ. ಕಾರ್ಖಾನೆಯವರು ವೆಲ್ಡಿಂಗಿಗೆ ಕರೆದಿದ್ದರಂತೆ, ಹೋಗಲಿಲ್ಲ. "ನಾನಲ್ಲಿ ಓಗಿ ನಿಂತ್ಕಂಡ್ರೆ ಅವ್ರೇಳಿದ ಸುಳ್ಳ ನಾನೇ ನಿಜ ಮಾಡ್ದಂಗಾಯ್ತದೆ," ಎನ್ನುತ್ತಾರೆ. ಗುಂಡಿ ಕಿತ್ತರೆ ಕಾರ್ಖಾನೆ ನಿಲ್ಲುತ್ತದೆಯೇ? ನನಗಂತೂ ನಂಬಿಕೆ ಇಲ್ಲ. ಅದರ ಕಾಂಪೌಂಡು ಆಗಲೇ ಎದೆಮಟ್ಟ ಎದ್ದಿದೆ.

ಇನ್ನು ಉಳಿದಿರುವುದು ಚಿಕ್ಕಬೋರಮ್ಮನವರದೊಂದೇ. ಊರಿನಲ್ಲಿ ಮೊಟ್ಟಮೊದಲು ಗ್ಯಾಸ್ ಕೂರಿಸಿಕೊಂಡ ಅಜ್ಜಿ ಅವರು. ಸಗಣಿ ಕಲಸಿ ಹಾಕುವುದನ್ನು ನಿಲ್ಲಿಸಿದ್ದಾರೆ, ಆದರೂ ಡ್ರಮ್ಮಿನಲ್ಲಿ ಇನ್ನೊಂದಿಷ್ಟು ಗ್ಯಾಸು ಉಳಿದಿದೆ. ಅದರಲ್ಲೇ ಎಲ್ಲರಿಗೂ ಬೆಲ್ಲದ ಕಾಫಿ ಕಾಯಿಸಿ ಕೊಡುತ್ತಾರೆ. ಕಾಫಿ ಮುಗಿದ ಮೇಲೆ ಒಲೆ ಆರಿಸಿ, "ಬುಟ್ಬುಡಿ ಸಾಬ್ರೇ," ಎನ್ನುತ್ತಾರೆ. ಸಾಬರು ಹಿತ್ತಿಲಿಗೆ ಹೋಗಿ ಪೈಪು ಕಳಚುತ್ತಾರೆ. ಗ್ಯಾಸು ಸದ್ದಿಲ್ಲದೆ ಹೋಗುತ್ತದೆ, ಡ್ರಮ್ಮು ನಿಧಾನಕ್ಕೆ ಗುಂಡಿಗೆ ಇಳಿಯುತ್ತದೆ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಮುಂದಿನ್ ವಾರ ಇದ ಕಿತ್ತಾಕಿದ್ ಮ್ಯಾಲೆ ನೀವ್ ಯಾಕ್ ಬತ್ತೀರಿ ಬುಡಿ ನಮ್ಮೂರ್ಗೆ?"

ಸಾಬರು ಸ್ಪ್ಯಾನರ್ ಒರೆಸಿ ಚೀಲಕ್ಕೆ ಹಾಕುತ್ತಾರೆ.

"ಸಬೆ ದಿನ ಬತ್ತೀನಿ ಕಣವ್ವ. ನನ್ನೆಸ್ರು ಆ ಕಂಪ್ನಿಯೋರ ಬಾಯಲ್ಲೇ ಉಳ್ಕೊಂಡದೆ. ಅದ ಈಸ್ಕೊಳ್ದೆ ಓಗಕ್ಕಾದದಾ?"