ಸುಣ್ಣವಾಗದೆ ಉಳಿದ ಕಲ್ಲು

ಬೆಳಗಿನ ಆರು ಗಂಟೆ. ರೋಮಿನ ಹತ್ತಿರದ ತಿವೋಲಿಯ ಇಳಿಜಾರಿಗೆ ಇನ್ನೂ ಬಿಸಿಲು ಬಿದ್ದಿಲ್ಲ. ಹೇಡ್ರಿಯನ್ ಚಕ್ರವರ್ತಿಯ ಪಾಳುಬಿದ್ದ ತೋಟದ ಅರಮನೆಯಲ್ಲಿ ಎರ್ಸಿಲಿಯಾ ಮಂಡಿಯೂರಿ ಕೂತಿದ್ದಾರೆ. ಒಂದು ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು, ಇನ್ನೊಂದರಲ್ಲಿ ಹಳದಿ ಅಮೃತಶಿಲೆಯ ಚೂರು. ಒಡೆದ ನೆಲಹಾಸಿನ ಖಾಲಿ ಜಾಗಕ್ಕೆ ಹೊಂದಿಸಿ ನೋಡುತ್ತಾರೆ. ಕೂಡುವುದಿಲ್ಲ. "ಮಹಾ ಹಟಮಾರಿ ಇದು. ಥೇಟ್ ನಮ್ಮತ್ತೆ!"

ಅರವತ್ತೊಂದರ ಈಕೆಗೆ ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ದಿನಕ್ಕೆ ನಲವತ್ತು ಚೂರು ತೊಳೆಯುತ್ತಾರೆ. ವಾರಕ್ಕೊಂದು ಕೂಡಿದರೆ ಹಬ್ಬ. ಮಂಡಿ ಸವೆದಿದೆ. ಪ್ರವಾಸಿಗರು ಅರಮನೆಯ ಕೊಳದ ಫೋಟೊ ತೆಗೆದುಕೊಂಡು ಈಕೆಯನ್ನು ದಾಟಿ ಹೋಗುತ್ತಾರೆ.

ರೋಮಿನ ಗದ್ದಲ ಸಾಕಾಗಿ ಹತ್ತೊಂಬತ್ತು ಶತಮಾನದ ಹಿಂದೆ ಹೇಡ್ರಿಯನ್ ಕಟ್ಟಿಸಿದ್ದು ಹೆಸರಿಗೆ ಮನೆ, ನೋಡಿದರೆ ಊರು. ಆಮೇಲೆ ಬಂದವರು ಅದರ ಅಮೃತಶಿಲೆ ಕಿತ್ತು ಗೂಡಿಗೆ ಹಾಕಿ ಸುಟ್ಟು ಸುಣ್ಣ ಮಾಡಿದರು. "ಮುಚ್ಚಿಡೋದ್ಯಾಕೆ? ನಮ್ಮ ಹಿರೀಕರೂ ಇದನ್ನ ಸುಟ್ಟೇ ಹೊಟ್ಟೆ ಹೊರ್ಕೊಂಡೋರು," ಎನ್ನುತ್ತಾರೆ ಎರ್ಸಿಲಿಯಾ.

ಹನ್ನೊಂದು ವರ್ಷದ ಹಿಂದೆ ಒಂದು ಭಾನುವಾರ ತಾಯಿ ನುಂಜಿಯಾತಾ ಹಿಟ್ಟು ಲಟ್ಟಿಸುವ ಕಲ್ಲನ್ನು ತೊಳೆಯಲೆಂದು ಮಗುಚಿದರು. ಎರ್ಸಿಲಿಯಾ ಬಗ್ಗಿ ನೋಡಿದರು. ಅಡಿಯಲ್ಲಿ ಅರಮನೆಯ ನೆಲದ್ದೇ ಹಳದಿ, ಅಲ್ಲಿನದೇ ಕೆಂಪು ಎಳೆ. ಅಂಚಿನ ಬಾಗು, ತಾವು ವರ್ಷಗಟ್ಟಲೆ ತುಂಬಲಾಗದೆ ಬಿಟ್ಟಿದ್ದ ಖಾಲಿ ಜಾಗದ್ದೇ.

ಅಣ್ಣ ರೇಮೊ ಕೂಗಾಡಿದರು: "ಬಾಯ್ಮುಚ್ಕೊಂಡಿರು! ಪೊಲೀಸ್ನೋರು ಬಂದ್ರೆ ಊರೆಲ್ಲ ನಮ್ಮನ್ನ ಕಳ್ಳರು ಅನ್ನತ್ತೆ. ನಿನ್ನ ಕೆಲ್ಸಾನೂ ಹೋಗತ್ತೆ."

ಮೂರು ದಿನ ಎರ್ಸಿಲಿಯಾ ಯೋಚಿಸಿದರು. ನಾಲ್ಕನೆಯ ದಿನ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ತಾವೇ ಹೊತ್ತೊಯ್ದು ಅರಮನೆಯ ಅಧಿಕಾರಿಯ ಮೇಜಿನ ಮೇಲಿಟ್ಟರು. ಅಧಿಕಾರಿಗಳು ಹೇಳಿಕೆ ಬರೆಸಿಕೊಂಡರು, ಬೈದರು, ಎರಡು ತಿಂಗಳು ಕೆಲಸದಿಂದ ದೂರ ಇಟ್ಟರು. ಕೊನೆಗೆ ವಾಪಸು ಕರೆದದ್ದು ಅದೇ ಕಲ್ಲನ್ನು ಕೂರಿಸಲು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. "ಅವತ್ತು ಅತ್ಬಿಟ್ಟೆ. ಯಾರಿಗೂ ಗೊತ್ತಾಗ್ಲಿಲ್ಲ, ಮುಖದ ತುಂಬ ಧೂಳಿತ್ತಲ್ಲ."

ರೇಮೊ ಎರಡು ವರ್ಷ ಮಾತು ಬಿಟ್ಟರು. ತಾಯಿ ಮಾತ್ರ ನೆಲದಲ್ಲಿ ಕೂತ ಕಲ್ಲನ್ನು ನೋಡಲು ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತರು: "ಕದ್ದ ಕಲ್ಲಿನ ಮೇಲೆ ಲಟ್ಸಿದ್ದಕ್ಕೇ ಇರ್ಬೇಕು, ನಿಮಗೆಲ್ಲ ನನ್ನಡುಗೆ ಅಷ್ಟು ರುಚಿ!"

ಬರುವ ವರ್ಷ ಎರ್ಸಿಲಿಯಾರಿಗೆ ನಿವೃತ್ತಿ. ಚೂರು ಸಿಗದ ಕಡೆಯಲ್ಲೆಲ್ಲ ಮಂಕು ಬಣ್ಣದ ಗಾರೆಯನ್ನು ತುಸು ತಗ್ಗಾಗಿ ತುಂಬುತ್ತಾರೆ. ಬಣ್ಣ ಹೊಂದಿಸಿದರೆ ಚೆಂದವಲ್ಲವೇ ಎಂದರೆ ಕೈ ಒರೆಸಿಕೊಂಡು ಏಳುತ್ತಾರೆ.

"ಬೇಡ. ಚಕ್ರವರ್ತೀದು ಅವನದ್ದು, ನಂದು ನಂದು. ಎಲ್ಲಿವರೆಗೆ ನನ್ನ ಕೈಕೆಲ್ಸ ಅಂತ ನೋಡೋರಿಗೆ ಗೊತ್ತಾಗ್ಲಿ, ಅಷ್ಟು ಸಾಕು."