ಕಣ್ಣಿಗೆ ಎರಡು ನಂದಿಬಟ್ಟಲು

ಕಳೆದ ಸೋಮವಾರ ಬೆಳಗ್ಗೆ ಆರೂವರೆಗೆ ನಾನು ಕಳ್ಳತನ ಮಾಡುವಾಗ ಸಿಕ್ಕಿಬಿದ್ದೆ.

ಜಾಗ: ಕುಮಾರಸ್ವಾಮಿ ಲೇಔಟಿನ ನಮ್ಮ ಹಿಂದಿನ ರಸ್ತೆ. ಕದ್ದ ಮಾಲು: ನಾಲ್ಕು ನಂದಿಬಟ್ಟಲು ಹೂವು. ಕಾಂಪೌಂಡಿನಿಂದ ಆಚೆ ಬಾಗಿದ್ದ ಕೊಂಬೆ ಇನ್ನೂ ಕೈಯಲ್ಲೇ ಇತ್ತು, ಒಳಗಿಂದ ಮುನಿಯಮ್ಮ ಕೂಗಿದರು. (ಲೇಔಟ್ ಬರುವ ಮೊದಲು ಇಲ್ಲೆಲ್ಲ ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಗಂಟಲು ಮಾತ್ರ ಈಗಲೂ ಹೊಲದ ಆ ತುದಿಗೆ ಕೇಳಿಸುವಂಥದ್ದು.)

“ಯಾರ್ರೀ ಅದು! ಹೂವು ನಮ್ದು, ದೇವ್ರು ನಿಮ್ದಾ?”

ವಾಕಿಂಗಿಗೆ ಪ್ಲಾಸ್ಟಿಕ್ ಕವರ್ ಹಿಡಿದೇ ಹೊರಡುವ ಜನ ನಾವು. ದೇವರ ಹೆಸರಿನಲ್ಲಿ ಎಷ್ಟು ಕಾಂಪೌಂಡುಗಳನ್ನು ಬೋಳಿಸಿಲ್ಲ? ನಾನೂ ಪೂಜೆಗೆ ಅಂದುಬಿಡಬಹುದಿತ್ತು. ಗಾಬರಿಯಲ್ಲಿ ನಿಜ ಬಾಯಿಗೆ ಬಂತು.

“ದೇವರಿಗಲ್ಲಮ್ಮ, ಕಣ್ಣಿಗೆ!”

ವಿಷಯ ಇಷ್ಟೇ. ನಮ್ಮ ಸಂಪಾದಕರು “ಕೈಬರಹ ಇನ್ನು ಬೇಡ, ಟೈಪ್ ಮಾಡಿ ಇ-ಮೇಲ್ ಮಾಡಿ ಸಾರ್” ಅಂದಿದ್ದರು. ಸರಿ, ಟಿವಿಯಷ್ಟು ದಪ್ಪದ ಮಾನಿಟರ್ ಮನೆಗೆ ಬಂತು. ಒಂದು ‘ಕ್ಷ’ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಹೇಳಬೇಕೆಂದಿದ್ದೇ ಮರೆತುಹೋಗುತ್ತಿತ್ತು. ತಿಂಗಳು ಕಳೆಯುವುದರೊಳಗೆ ಕಣ್ಣು ಕೆಂಡ. ಅಕ್ಷರಗಳು ಎರಡೆರಡಾಗಿ ಕಾಣತೊಡಗಿದವು. ನಿಮ್ಮಿಂದ ಯಾಕೆ ಮುಚ್ಚಿಡಲಿ, ನನಗೆ ಭಯವಾಯಿತು. ಬರೆಯುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಈ ಅಂಕಣಕ್ಕೆ ಇಲ್ಲಿಗೇ ಮಂಗಳ ಹಾಡಬೇಕೇ?

ಕಣ್ಣಿನ ಡಾಕ್ಟರು ಪರೀಕ್ಷಿಸಿ ನಕ್ಕರು. “ಕಣ್ಣು ಚೆನ್ನಾಗೇ ಇದೆ ಸಾರ್. ಕಂಪ್ಯೂಟರ್ ಮುಂದೆ ಕೂತ್ರೆ ನೀವು ರೆಪ್ಪೆ ಮಿಟುಕಿಸೋದನ್ನೇ ಮರೀತಿದ್ದೀರಿ. ಆಗಾಗ ಎದ್ದು ದೂರ ನೋಡಿ, ಕಣ್ಣಿಗೆ ರೆಸ್ಟ್ ಕೊಡಿ.” ಇಷ್ಟು ಸುಲಭದ ಸಲಹೆಯನ್ನು ಯಾರಾದರೂ ನಂಬುತ್ತಾರೆಯೇ? ಅಲ್ಲಿಂದ ನೇರ ಜಯನಗರದ ಆಯುರ್ವೇದ ಪಂಡಿತರ ಹತ್ತಿರ ಹೋದೆ. ಅವರು ಅಂಗಾಲಿಗೆ ಹರಳೆಣ್ಣೆ ಹೇಳಿದರು, ಊಟಕ್ಕೆ ತುಪ್ಪ ಹೇಳಿದರು (ಹೆಂಡತಿಯ ಎದುರೇ ಹೇಳಿದ್ದರೆ ಚೆನ್ನಾಗಿತ್ತು), ಕೊನೆಗೆ ಮುಚ್ಚಿದ ರೆಪ್ಪೆಯ ಮೇಲೆ ನಂದಿಬಟ್ಟಲು ಹೂವು ಇಡಿ ಅಂದರು. ಕಳ್ಳತನಕ್ಕೆ ಪ್ರೇರಣೆ ಅದು.

ಮುನಿಯಮ್ಮ ಮೆತ್ತಗಾದರು. “ಅಯ್ಯೋ, ಕಣ್ಣಿಗಾ? ಮೊದ್ಲೇ ಹೇಳ್ಬಾರ್ದಾ ಸಾಮಿ! ದಿನಾ ಬಂದು ಕಿತ್ಕೊಂಡೋಗಿ. ತಣ್ಣೀರಲ್ಲಿ ತೊಳ್ದು ಇಟ್ಕೊಳ್ಳಿ. ಹೂವು ಬೆಚ್ಚಗಾಗೋಗಂಟ ಮಾತ್ರ ಏಳ್ಬ್ಯಾಡಿ.”

ಅಂದು ಸಂಜೆಯೇ ಮಲಗಿದೆ. ಆಹಾ! ಅರ್ಧ ಗಂಟೆಯ ನಂತರ ಎದ್ದಾಗ ಉರಿ ಅರ್ಧಕ್ಕರ್ಧ ಇಳಿದಿತ್ತು.

ಆದರೆ ನನ್ನದು ಕೆಟ್ಟ ಕುತೂಹಲ. ಕೆಲಸ ಮಾಡಿದ್ದು ಹೂವೋ, ಮಲಗಿದ್ದೋ? ಮಂಗಳವಾರ ಬಲಗಣ್ಣಿಗೆ ಮಾತ್ರ ಹೂವಿಟ್ಟೆ. ಎದ್ದಾಗ ಎರಡೂ ಕಣ್ಣು ಒಂದೇ ಥರ ಹಗುರ! ಹಾಗಾದರೆ ಹೂವೇ ಬೇಡವಲ್ಲ ಅಂತ ಬುಧವಾರ ಬರಿಗಣ್ಣು ಮುಚ್ಚಿ ಮಲಗಿದೆ.

ಎರಡು ನಿಮಿಷ ಆಗಿರಲಿಲ್ಲ. ಬ್ಯಾಂಕಿನಿಂದ ಬಂದ ಹೆಂಡತಿ ಸರೋಜ ಬಾಗಿಲಲ್ಲಿ ನಿಂತು, “ಏನ್ರೀ, ದೀಪ ಹಚ್ಚೋ ಹೊತ್ತಲ್ಲಿ ಮಲಗಿದ್ದೀರಿ? ಗ್ಯಾಸ್ ಬುಕ್ ಮಾಡಿದ್ರಾ?” ಅಂದಳು. ಫೋನ್ ಬಂತು, ಮಗಳು ಎಬ್ಬಿಸಿದಳು. ನಾಲ್ಕು ಸಲ ಎದ್ದೆ. ಕಣ್ಣು ಮತ್ತೆ ಕೆಂಡ.

ಗುರುವಾರ ಪುನಃ ಹೂವು. ಫೋನ್ ಬಂದಾಗ ಮಗಳು ಪಿಸುಗುಟ್ಟುವುದು ಕೇಳಿಸಿತು: “ಅಪ್ಪ ಕಣ್ಣಿಗೆ ಔಷಧಿ ಇಟ್ಕೊಂಡಿದ್ದಾರೆ ಅಂಕಲ್, ಆಮೇಲೆ ಮಾಡಿ.” ಸರೋಜ ಕುಕ್ಕರನ್ನು ಕೂಡ ನಾನು ಏಳುವವರೆಗೆ ಇಡಲಿಲ್ಲ. ನೋಡಿ ಮಜಾ! ಸುಮ್ಮನೆ ಕಣ್ಣು ಮುಚ್ಚಿದರೆ ಸೋಮಾರಿ, ಮೇಲೊಂದು ಹೂವಿದ್ದರೆ ರೋಗಿ. ಪಂಡಿತರ ಹೂವೇ ಡಾಕ್ಟರು ಹೇಳಿದ ರೆಸ್ಟನ್ನು ಕೊಡಿಸಿತ್ತು. ಅದರಲ್ಲಿ ತಂಪಿನ ಗುಣವೂ ಇದ್ದೀತು, ನಾನು ಅಲ್ಲಗಳೆಯುವುದಿಲ್ಲ. ಅಂತೂ ಅಂಕಣ ಉಳಿಯಿತು ಅಂತ ಬೀಗುತ್ತಾ ಈ ಸಂಶೋಧನೆಯನ್ನು ಸರೋಜಳಿಗೆ ವಿವರಿಸಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ನಾಳೆ ಇನ್ನೆರಡು ಹೂವು ಜಾಸ್ತಿ ತನ್ನಿ,” ಅಂದಳು.

“ಯಾಕೆ?”

“ಬ್ಯಾಂಕಿಗೆ ಕಂಪ್ಯೂಟರ್ ಬಂದು ಎರಡು ವರ್ಷ ಆಯ್ತಲ್ರೀ. ನನ್ನ ಕಣ್ಣು ಉರಿಯಲ್ವಾ?”

ನನಗೆ ನಿಜವಾಗಿ ನಾಚಿಕೆಯಾಯಿತು. ಎರಡು ವರ್ಷ! ಒಂದು ದಿನವಾದರೂ ಕೇಳಿದ್ದೆನೇ?

ಶುಕ್ರವಾರ ಸಂಜೆ ಅವಳನ್ನು ಒತ್ತಾಯದಿಂದ ಮಲಗಿಸಿದೆ. ತೊಳೆದ ಹೂವನ್ನು ನಾನೇ ಇಟ್ಟೆ. “ಹಾಯಾಗಿ ಮಲಕ್ಕೋ, ಇವತ್ತು ಸಾರು ನಂದು,” ಅಂತ ಅಡಿಗೆಮನೆಗೆ ನುಗ್ಗಿದೆ. ಮಗಳು ಬಂದು ಅಮ್ಮನನ್ನು ಕೇಳಿದ್ದು ತನ್ನ ಹಳದಿ ದುಪಟ್ಟಾ. ಪಕ್ಕದ ಮನೆಯವರು ಬಂದು ಕೇಳಿದ್ದು ಮೊಸರಿಗೆ ಹೆಪ್ಪು. ನಾನು ಕೇಳಿದ್ದು ಸಾರಿನ ಪುಡಿ ಡಬ್ಬ, ಆಮೇಲೆ ಹುಣಸೆಹಣ್ಣು, ಆಮೇಲೆ ಉಪ್ಪು ಎಷ್ಟು ಅಂತ. ಮೂರನೇ ಸಲಕ್ಕೆ ಅವಳು ಹೂವನ್ನು ಕಿಟಕಿಯ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದಳು.

ಅದೇ ಗಿಡದ ಹೂವು, ಅದೇ ಮಂಚ; ನನಗೆ ಹತ್ತಿದ ಔಷಧ ಅವಳಿಗೆ ಯಾಕೆ ಹತ್ತಲಿಲ್ಲ ಅಂತ ಯಾವ ಡಾಕ್ಟರನ್ನು ಕೇಳಲಿ?